ಶಾಕಪ್ಸರ್‌ಗೆ ತಗುಲಿದ ಖರ್ಚು

ಎಡಗಡೆ ನಲವತ್ತೇಳು ಮಿಲಿಮೀಟರ್, ಬಲಗಡೆ ಅರವತ್ತೆರಡು.

ಒಂದು ಶನಿವಾರ ಬೆಳಿಗ್ಗೆ ಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಕಾರಿನ ಹಿಂದಿನ ಚಕ್ರಗಳಿಗೂ ಅವುಗಳ ಮೇಲಿನ ತಗಡಿನ ಕಮಾನಿಗೂ ನಡುವಿನ ಸಂದನ್ನು ಸ್ಟೀಲ್ ಸ್ಕೇಲಿನಿಂದ ಅಳೆದಾಗ ಸಿಕ್ಕ ಅಂಕಿಗಳಿವು. ಮೂರು ಸಲ ಅಳೆದೆ. ಒಂದೇ ಸಲ ಅಳೆದದ್ದನ್ನು ಅಭಿಪ್ರಾಯ ಎನ್ನಬಹುದು, ಅಳತೆ ಎನ್ನಲಾಗದು ಎಂದು ನಮ್ಮ ವಿಭಾಗದಲ್ಲಿ ಹೇಳುವುದುಂಟು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಸರಿ ಇಲ್ಲವೇ ತಪ್ಪು ಎಂದು ಬರೆದು ಸಹಿ ಹಾಕುವುದು ನನ್ನ ಉದ್ಯೋಗ. ಈ ಉದ್ಯೋಗದ ಕೆಟ್ಟ ಗುಣವೆಂದರೆ ಅದು ಸಂಜೆ ಐದೂವರೆಗೆ ಮುಗಿಯುವುದಿಲ್ಲ. ದೋಸೆಯ ದಪ್ಪ, ಎದುರಿನ ಮನೆಯ ರಂಗೋಲಿಯ ಎರಡು ಬದಿ, ನೆಂಟರು ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಬಿಡುವ ಅಂತರ, ಎಲ್ಲವನ್ನೂ ಕಣ್ಣು ತಾನಾಗಿ ಅಳೆಯುತ್ತಿರುತ್ತದೆ. ಬಾಯಿ ಮಾತ್ರ ಏನೂ ಹೇಳುವುದಿಲ್ಲ. ಹೇಳದೆ ಇರುವುದರಲ್ಲಿ ನನಗೆ ಚಿಕ್ಕಂದಿನಿಂದ ಒಳ್ಳೆಯ ಅಭ್ಯಾಸವಿದೆ.

ಹಾಗಾಗಿ ಕಾರು ಎಡಕ್ಕೆ ವಾಲುತ್ತಿರುವುದು ತಿಂಗಳುಗಳಿಂದ ಗೊತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಸದ್ದಿನ ವಿಷಯವೂ ಅಷ್ಟೇ. ಕೆಲಮಂಗಲದ ನಮ್ಮ ಮನೆಯಿಂದ ಕಾರ್ಖಾನೆಯ ಗೇಟಿನವರೆಗೆ ಹನ್ನೊಂದು ಹಂಪ್‌ಗಳಿವೆ. ಮೊದಮೊದಲು ಅವುಗಳಲ್ಲಿ ಎರಡರ ಮೇಲೆ ಮಾತ್ರ ಕಾರು ‘ಟಕ್’ ಎನ್ನುತ್ತಿತ್ತು. ಆಮೇಲೆ ಐದಾಯಿತು, ಆಮೇಲೆ ಹನ್ನೊಂದಕ್ಕೆ ಹನ್ನೊಂದೂ ಆಯಿತು. ನಾನು ಒಂದು ಪಟ್ಟಿ ಮಾಡಿದೆ: ಯಾವ ಹಂಪ್, ಎಷ್ಟು ವೇಗ, ಸದ್ದು ಒಂದೋ ಎರಡೋ. ಪಟ್ಟಿ ಮಾಡುವುದು ರಿಪೇರಿ ಮಾಡಿಸುವುದಕ್ಕಿಂತ ಸುಲಭ. ಏನೋ ಮಾಡಿದೆವೆಂಬ ಸಮಾಧಾನವೂ ಸಿಗುತ್ತದೆ, ಕೈಗೆ ಗ್ರೀಸೂ ಹತ್ತುವುದಿಲ್ಲ.

ಅಳತೆ ತೆಗೆದ ದಿನವೇ ಪಟ್ಟಿ ಹಿಡಿದು ಹೊಸೂರಿನ ಸರ್ವೀಸ್ ಸೆಂಟರಿಗೆ ಹೋದೆ. ಅಲ್ಲಿನ ಯುವಕ ನನ್ನ ಪಟ್ಟಿಯನ್ನು, ಮಕ್ಕಳು ಬಿಡಿಸಿದ ಚಿತ್ರವನ್ನು ನೋಡುವಷ್ಟು ವಿನಯದಿಂದ ನೋಡಿ ಪಕ್ಕಕ್ಕಿಟ್ಟ. ಡಿಕ್ಕಿ ತೆಗೆಯಲೇ ಎಂದು ಕೇಳಿದ. ಅದರಲ್ಲೇನೂ ಇಲ್ಲ ಎಂದೆ. ಅದು ಸುಳ್ಳು, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅರ್ಧ ಗಂಟೆಯ ಮೇಲೆ ಆತ ಒಂದು ಕಾಗದ ಕೊಟ್ಟ. ನಾಲ್ಕೂ ಚಕ್ರದ ಶಾಕ್ ಅಬ್ಸಾರ್ಬರ್, ಎಂದರೆ ನಮ್ಮ ಕಡೆಯವರ ಶಾಕಪ್ಸರ್, ಸ್ಪ್ರಿಂಗು, ಅದರ ಮೇಲಿನ ರಬ್ಬರು, ಕೆಳಗಿನ ರಬ್ಬರು, ಕೂಲಿ, ತೆರಿಗೆ ಎಲ್ಲ ಸೇರಿ ನಲವತ್ತನಾಲ್ಕು ಸಾವಿರದ ಮೇಲೆ ಚಿಲ್ಲರೆ. ಚಿಲ್ಲರೆಯನ್ನು ಓದುವಷ್ಟು ಧೈರ್ಯ ನನಗಿರಲಿಲ್ಲ.

ಅಪ್ಪನಿಗೆ ಕೆಲಮಂಗಲದ ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ಹಳೆಯ ಮೊಳೆಯನ್ನು ನೆಟ್ಟಗೆ ಮಾಡಿ ಹೊಡೆಯುವ ಗಿರಾಕಿಗಳನ್ನು ಕಂಡರೆ ಅವರಿಗೆ ಮರುಕ. ಕಾಗದವನ್ನು ಕನ್ನಡಕದ ಕೆಳಗೊಮ್ಮೆ, ಮೇಲೊಮ್ಮೆ ನೋಡಿದರು.

“ಹತ್ತು ವರ್ಷದ ಗಾಡಿಗೆ ಇಷ್ಟಾ? ಮಾರ್ಬುಡಮ್ಮ. ಕಂಪನಿ ಬಸ್ಸು ಬಾಗಿಲಿಗೇ ಬತ್ತದೆ, ಅದೂ ಪುಕ್ಕಟೆ. ರಾಯಕೋಟೇಲಿ ಒಬ್ಬ ಕೇಳ್ತಾವ್ನೆ. ಇನ್ನೊಂದ್ ವಾರ ಬಿಟ್ಟು ಸೋಮವಾರ ಬಾ ಅಂತೀನಿ.”

ನಾನು ಕಾಗದವನ್ನು ವಾಪಸು ತೆಗೆದುಕೊಂಡು ನಾಲ್ಕಾಗಿ ಮಡಚಿದೆ. ನನ್ನ ಮೌನದ ಬಗೆಗಳನ್ನು ಅಪ್ಪ ಸ್ವಲ್ಪ ಬಲ್ಲರು.

“ಇಪ್ಪತ್ತು ಸಾವಿರದೊಳಗೆ ಆದ್ರೆ ಇಟ್ಕೊ. ಮೇಲೆ ಹೋದ್ರೆ ಬ್ಯಾಡ,” ಎಂದರು.

ಆ ಕಾರು ನನಗೇಕೆ ಬೇಕೆಂದು ಅಪ್ಪನಿಗೆ ವಿವರಿಸುವುದು ಕಷ್ಟ. ನಮ್ಮದು ಮೂರು ಕೋಣೆಯ ಮನೆ. ಯಾವ ಕೋಣೆಗೂ ಒಳಗಿನಿಂದ ಚಿಲಕ ಹಾಕುವ ಪದ್ಧತಿಯಿಲ್ಲ. ಹಾಕಿದರೆ ಮೈಗೆ ಹುಷಾರಿಲ್ಲವೇ ಎಂದು ಮೂವರು ಬಂದು ಬಾಗಿಲು ತಟ್ಟುತ್ತಾರೆ. ಕಾರ್ಖಾನೆಯಲ್ಲಿ ನನ್ನ ಮೇಜು ಗಾಜಿನ ಗೋಡೆಯ ಒಳಗಿದೆ. ಇವೆರಡರ ನಡುವಿನ ನಲವತ್ತು ನಿಮಿಷ ಮಾತ್ರ ನನ್ನದು. ಅಷ್ಟು ಹೊತ್ತು ನಾಲ್ಕು ಬಾಗಿಲೂ ಮುಚ್ಚಿರುತ್ತವೆ, ಯಾರೂ ತಟ್ಟುವುದಿಲ್ಲ. ಒಳಗೆ ಏನು ಮಾಡುತ್ತೀಯೆ ಎಂದು ನೀವು ಕೇಳಿದರೆ, ಏನೂ ಇಲ್ಲ. ಹಾಡುವುದೂ ಇಲ್ಲ. ಸುಮ್ಮನೆ ಕೂತು ಹೋಗುತ್ತೇನೆ. ಏನೂ ಮಾಡದೆ ಇರುವುದಕ್ಕೆಂದೇ ಒಂದು ಜಾಗ ಬೇಕು ಎಂದು ಹಾರ್ಡ್‌ವೇರ್ ಅಂಗಡಿಯವರಿಗೆ ಹೇಳಿದರೆ, ಅದಕ್ಕೆ ತಿಂಗಳಿಗೆ ಎಷ್ಟು ಪೆಟ್ರೋಲು ಎಂದು ಕೇಳುತ್ತಾರೆ.

ಆ ವಾರವೆಲ್ಲ ನಾನು ಶಾಕಪ್ಸರಿನ ಬಗ್ಗೆ ಓದಿದೆ. ಓದುವುದೂ ಪಟ್ಟಿ ಮಾಡುವುದರ ಇನ್ನೊಂದು ರೂಪವೇ. ಎತ್ತಿನ ಗಾಡಿಗೆ ಸ್ಪ್ರಿಂಗು ಎಂಬುದಿರಲಿಲ್ಲ. ಹಾಸಿದ ಹುಲ್ಲೇ ಎಲ್ಲ. ಹುಲ್ಲು ಅಪ್ಪಚ್ಚಿಯಾದರೆ ಸೊಂಟವೇ ಸ್ಪ್ರಿಂಗು. ಕುದುರೆಗಾಡಿಗೆ ಕಬ್ಬಿಣದ ಪಟ್ಟಿಗಳು ಬಂದವು. ಪಲ್ಲಕ್ಕಿಯೇ ಎಲ್ಲಕ್ಕಿಂತ ನಯವಾದದ್ದು ಎನ್ನುತ್ತಾರೆ, ಏಕೆಂದರೆ ಅದರ ಕೆಳಗೆ ಮನುಷ್ಯರ ಮೊಣಕಾಲುಗಳಿರುತ್ತವೆ. ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಒಂದೇ: ರಸ್ತೆ ಕೊಡುವ ಪೆಟ್ಟು ಎಲ್ಲೂ ಮಾಯವಾಗುವುದಿಲ್ಲ. ಯಾರಾದರೂ ಅದನ್ನು ತೆಗೆದುಕೊಳ್ಳಲೇಬೇಕು. ಕಾರಿನಲ್ಲಿ ಅದನ್ನು ತೆಗೆದುಕೊಳ್ಳುವುದು ಒಂದು ಕೊಳವೆಯೊಳಗಿನ ಎಣ್ಣೆ. ಪ್ರತಿ ಹಂಪಿಗೂ ಅದು ಸ್ವಲ್ಪ ಬಿಸಿಯಾಗುತ್ತದೆ, ಆರುತ್ತದೆ, ಮತ್ತೆ ಬಿಸಿಯಾಗುತ್ತದೆ. ಮೇಲೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗದೆ ಇದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಎಷ್ಟೋ ಮನೆಗಳಲ್ಲಿ ಇಂಥ ಒಬ್ಬರು ಇರುತ್ತಾರೆ ಎಂದು ಅನ್ನಿಸಿತು. ಅವರು ಯಾರಿರಬಹುದು ಎಂದು ನಾನು ಮುಂದೆ ಯೋಚಿಸಲಿಲ್ಲ.

ಶುಕ್ರವಾರ ರಜೆ ಹಾಕಿ ಕಾರನ್ನು ನಮ್ಮೂರಿನ ಮೆಕ್ಯಾನಿಕ್ ಮುನಿರಾಜಣ್ಣನ ಶೆಡ್ಡಿಗೆ ತಂದೆ. ಹೊಸೂರು ರಸ್ತೆಯಲ್ಲಿ ಬೇವಿನ ಮರದ ಕೆಳಗಿನ ಶೆಡ್ಡು ಅದು. ಗಾಡಿಯ ರೋಗ ಪತ್ತೆಹಚ್ಚಲು ಮುನಿರಾಜಣ್ಣನಿಗೆ ಅವನದೇ ಕ್ರಮವಿದೆ. ಗಾಡಿಯನ್ನು ಎತ್ತುವುದಿಲ್ಲ, ಬಾನೆಟ್ ತೆಗೆಯುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಾನೆ.

“ನೀವು ಓಡ್ಸಿ. ನಾನು ಕೇಳುಸ್ಕೊತೀನಿ.”

ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಆವರೆಗೆ ಯಾರೂ ಕೂತಿರಲಿಲ್ಲ. ಕನ್ನಡಿಯಲ್ಲಿ ಕಣ್ಣು ಮುಚ್ಚಿದ ಒಬ್ಬ ಗಂಡಸಿನ ಮುಖ ಇಟ್ಟುಕೊಂಡು ಓಡಿಸುವುದು ಸುಲಭವಲ್ಲ. ಎರಡನೆಯ ಹಂಪಿಗೆ ಅವನು, “ಮುಂದ್ಗಡೆ ಲಿಂಕ್ ರಾಡು. ರಬ್ಬರ್ ಸತ್ತೋಗೈತೆ,” ಎಂದ. ನಾಲ್ಕನೆಯದಕ್ಕೆ ಕಣ್ಣು ಬಿಟ್ಟ.

“ಡಿಕ್ಕೀಲಿ ಏನಮ್ಮ ಇಟ್ಟಿದ್ದೀರಾ?”

“ಏನೂ ಇಲ್ಲಣ್ಣ.”

“ಏನೂ ಇಲ್ದಿರೋದು ಇಷ್ಟು ತೂಕ ಇರಲ್ಲ ಕಣಮ್ಮ.”

ಶೆಡ್ಡಿಗೆ ವಾಪಸು ಬಂದು, ಬೇರೆ ದಾರಿಯಿಲ್ಲದೆ ಡಿಕ್ಕಿ ತೆಗೆದೆ. ಒಳಗೆ ಹೊದಿಸಿದ್ದ ಹಳೆಯ ಸೀರೆಯನ್ನು ಮುನಿರಾಜಣ್ಣ ಸರಿಸಿದ. ಕೆಳಗೆ ಕಪ್ಪು ಕಲ್ಲು, ಗುಂಡಗೆ, ನುಣ್ಣಗೆ, ಮೈತುಂಬ ಅರಿಶಿನ, ನಡುವೆ ಅಂಗೈಯಗಲ ಕುಂಕುಮ. ಅವನು ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟ. ಪಕ್ಕದ ಪಂಕ್ಚರ್ ಅಂಗಡಿಯ ಸೆಲ್ವಂ ಬಗ್ಗಿ ನೋಡಿ ಕೈಮುಗಿದ.

“ಎಂದ ಸಾಮಿ ಅಕ್ಕಾ?” ಎಂದು ಅವನ ತಮಿಳಿನಲ್ಲಿ ಕೇಳಿದ. ಯಾವ ದೇವರು ಎಂಬ ಪ್ರಶ್ನೆ ಅದು.

“ಸಾಮಿ ಅಲ್ಲ. ರುಬ್ಬೋ ಕಲ್ಲು,” ಎಂದೆ.

ಮುನಿರಾಜಣ್ಣ ನಿಧಾನವಾಗಿ ಚಪ್ಪಲಿ ಹಾಕಿಕೊಂಡ.

“ರುಬ್ಬೋವಾಗ ಗುಂಡು ತಿರುಗ್ಬೇಕು ಕಣಮ್ಮ. ಕಲ್ಲು ತಿರುಗ್ಬಾರ್ದು. ಅದೂ ಹೊಸೂರ್ ಗಂಟ.”

ಈಗ ಕಲ್ಲಿನ ಕತೆ ಹೇಳಬೇಕು. ನಮ್ಮ ದೊಡ್ಡಮ್ಮ, ಎಂದರೆ ಅಪ್ಪನ ಅಣ್ಣನ ಹೆಂಡತಿ, ಬೇರಿಕೆಯ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅವರ ಮನೆಯಿಂದ ಹೊರಡುವ ಹೆಣ್ಣುಮಗಳ ಗಾಡಿ ಖಾಲಿ ಹೋಗಕೂಡದು ಎಂಬುದು ಆ ಮನೆಯ ಕಟ್ಟಳೆ. ಬಸ್ಸಿನಲ್ಲಿ ಹೋಗುತ್ತಿದ್ದ ಕಾಲಕ್ಕೆ ಅದು ಒಂದು ಸೇರು ಕಡಲೆಕಾಯಿ, ಒಂದು ಕಟ್ಟು ಸೊಪ್ಪು. ನಾನು ಕಾರು ಕೊಂಡ ಮೇಲೆ ಪ್ರೀತಿ ಡಿಕ್ಕಿಯ ಅಳತೆಗೆ ಬೆಳೆಯಿತು. ಹನ್ನೊಂದು ತಿಂಗಳ ಹಿಂದೆ ನಮ್ಮಕ್ಕ ಸುಧಾ ಕೃಷ್ಣಗಿರಿಯಲ್ಲಿ ಹೊಸ ಫ್ಲಾಟಿಗೆ ಹೋದಳು. ಮಿಕ್ಸಿಯ ಹಿಟ್ಟು ಹಿಟ್ಟೇ ಅಲ್ಲವೆಂದು ನಂಬುವ ದೊಡ್ಡಮ್ಮ, ತಮ್ಮ ಹಿತ್ತಲಿನ ರುಬ್ಬುವ ಕಲ್ಲನ್ನು ತೊಳೆಸಿ, ಬೋರಲು ಹಾಕಿಸಿ, ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಇಬ್ಬರು ಗಂಡಸರಿಂದ ನನ್ನ ಡಿಕ್ಕಿಯ ಎಡಬದಿಗೆ ಎತ್ತಿಸಿದರು. ನಾನು ಬೇಡ ಎನ್ನಲಿಲ್ಲ. ಅವರು ಕಲ್ಲಿಗೆ ಕೈಮುಗಿಯುತ್ತಿದ್ದರು. ಕೈಮುಗಿಯುವವರ ಮುಂದೆ ಬೇಡ ಎನ್ನಲು ನನಗೆ ಬರುವುದಿಲ್ಲ. ನಿಜ ಹೇಳಬೇಕೆಂದರೆ, ಕೈಮುಗಿಯದವರ ಮುಂದೆಯೂ ಬರುವುದಿಲ್ಲ.

ಕೃಷ್ಣಗಿರಿಯಲ್ಲಿ ಅಕ್ಕ ಕೆಳಗಿಳಿದು ಬಂದು ಡಿಕ್ಕಿಯೊಳಗೆ ನೋಡಿದಳು. “ಮೂರನೇ ಮಹಡಿಗೆ ಇದನ್ನ ಯಾರೇ ಹೊರ್ತಾರೆ? ಹೊತ್ರೂ ಟೈಲ್ಸ್ ಒಡೆಯುತ್ತೆ. ನಾನೇ ದೊಡ್ಡಮ್ಮಂಗೆ ನಿಧಾನಕ್ಕೆ ಹೇಳ್ತೀನಿ. ಅಲ್ಲೀವರೆಗೂ ನೀನು ಬಾಯಿ ಬಿಡ್ಬೇಡ,” ಎಂದಳು. ಬಾಯಿ ಬಿಡದಿರಲು ನನ್ನನ್ನು ಕೇಳುವುದೆಂದರೆ ಮೀನನ್ನು ಈಜಲು ಕೇಳಿದಂತೆ. ಕಲ್ಲು ಡಿಕ್ಕಿಯಲ್ಲೇ ಉಳಿಯಿತು. ಅದನ್ನು ಹಿಂದಿರುಗಿಸಿದರೆ ದೊಡ್ಡಮ್ಮನ ಮುಖಕ್ಕೆ ಹೊಡೆದಂತೆ. ಕೆಲಮಂಗಲದ ಮನೆಯಲ್ಲಿ ಇಳಿಸಿದರೆ ಅಕ್ಕನಿಗೆ ಕೊಟ್ಟದ್ದನ್ನು ನಾವು ಕಿತ್ತುಕೊಂಡಂತೆ. ಪರವೂರಿನ ಕಲ್ಲಿಗೆ ಡಿಕ್ಕಿ ಬಿಟ್ಟರೆ ಬೇರೆ ಊರೇ ಇರಲಿಲ್ಲ. ದಿನವೂ ಬೆಳಿಗ್ಗೆ ಅದು ನನ್ನ ಜೊತೆ ಕಾರ್ಖಾನೆಗೆ ಬಂದು, ದಿನವಿಡೀ ಬಿಸಿಲಿನಲ್ಲಿದ್ದು, ಸಂಜೆ ನನ್ನ ಜೊತೆ ಮನೆಗೆ ಬರುತ್ತಿತ್ತು. ನನ್ನ ಹಾಜರಿಯಲ್ಲಿ ರಜೆಗಳಿವೆ, ಅದರದರಲ್ಲಿ ಇಲ್ಲ.

ಇದಕ್ಕಿಂತ ಕಷ್ಟವಾದದ್ದು ಭಾನುವಾರಗಳು. ಪ್ರತಿ ಭಾನುವಾರ ಫೋನಿನಲ್ಲಿ ದೊಡ್ಡಮ್ಮ, “ಇಡ್ಲಿ ಮೆತ್ತಗೆ ಬತ್ತಾ ಐತಾ ಮಗಾ?” ಎಂದು ಕೇಳುತ್ತಿದ್ದರು. ಕೂದಲಿನ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಸಹಿ ಹಾಕದ ನಾನು, “ತುಂಬ ಮೆತ್ತಗೆ ಬರ್ತದೆ ದೊಡ್ಡಮ್ಮ,” ಎನ್ನುತ್ತಿದ್ದೆ. ಅಕ್ಕನ ಮನೆಯ ಕಾಣದ ಇಡ್ಲಿಗೆ ಹನ್ನೊಂದು ತಿಂಗಳು ಪ್ರಮಾಣಪತ್ರ ಕೊಟ್ಟಿದ್ದೇನೆ.

ಮುನಿರಾಜಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಇಷ್ಟು ಉದ್ದದ ಮಾತನ್ನು ನಾನು ಹೊರಗಿನವರ ಹತ್ತಿರ ಆಡಿದ್ದು ಅದೇ ಮೊದಲು. ಅವನು ನ್ಯಾಯವಾಗಿಯೇ ತೀರ್ಪು ಕೊಟ್ಟ. ಕಲ್ಲೊಂದರದೇ ತಪ್ಪಲ್ಲ, ಗಾಡಿಗೂ ವಯಸ್ಸಾಗಿದೆ. ಆದರೆ ಮುಂದಿನ ಶಾಕಪ್ಸರುಗಳು ಇನ್ನೂ ಗಟ್ಟಿಯಾಗಿವೆ. ರಬ್ಬರು, ಲಿಂಕ್ ರಾಡು ಹಾಕಿದರೆ ಸಾಕು. ಹಿಂದೆ ಎರಡು ಶಾಕಪ್ಸರು, ಎರಡು ಸ್ಪ್ರಿಂಗು. ಕೂಲಿ ಸೇರಿ ಹದಿನಾರೂವರೆ ಸಾವಿರ.

“ಆದ್ರೆ ಒಂದ್ ಮಾತು. ಕಲ್ಲು ಮತ್ತೆ ಅಲ್ಲೇ ಕೂರೋದಾದ್ರೆ ನಾನು ಹಾಕಲ್ಲ. ವರ್ಷಕ್ಕೊಂದ್ ಸಲ ಈ ದುಡ್ಡು ಕೊಡ್ತಾ ಇರ್ಬೇಕಾಯ್ತದೆ ನೀವು.”

ಅವನೂ ಸೆಲ್ವಂನೂ ಸೇರಿ ಕಲ್ಲನ್ನು ಇಳಿಸಿ ಬೇವಿನ ಮರದ ಬುಡದಲ್ಲಿಟ್ಟರು, ಬೋರಲಾಗಿ ಇದ್ದದ್ದು ಇದ್ದಂತೆಯೇ. ಅದೇ ತಪ್ಪಾಯಿತು. ಬೇವಿನ ಮರದ ಕೆಳಗೆ ಅರಿಶಿನ ಕುಂಕುಮದ ಕರಿಕಲ್ಲು, ಶುಕ್ರವಾರ ಬೇರೆ. ಮಧ್ಯಾಹ್ನಕ್ಕೆ ಯಾರೋ ಒಂದು ಸೇವಂತಿಗೆ ಇಟ್ಟರು. ಸಂಜೆಗೆ ಊದುಬತ್ತಿ ಬಂತು. ಶನಿವಾರ ಬಿಡಿಭಾಗಗಳು ಬಂದು ಕೆಲಸ ನಡೆಯುತ್ತಿರುವಾಗ ಒಬ್ಬ ಹೆಂಗಸು ಮಗುವನ್ನು ಕರೆತಂದು ಕಲ್ಲಿನ ಮುಂದೆ ಅಡ್ಡಬೀಳಿಸಿದಳು. ರುಬ್ಬುವ ಕಲ್ಲು ಎಂದು ಸೆಲ್ವಂ ಹೇಳಿದ್ದಕ್ಕೆ, ದೇವರ ವಿಷಯದಲ್ಲಿ ತಮಾಷೆ ಬೇಡ ಎಂದು ಅವನಿಗೇ ಬೈದು ಹೋದಳಂತೆ. ಅಂಗಡಿಯಲ್ಲಿ ಅಪ್ಪನನ್ನು ಯಾರೋ, ನಿಮ್ಮ ಮಗಳು ಎಲ್ಲಿಂದಲೋ ಅಮ್ಮನವರನ್ನು ತಂದಿದ್ದಾಳಂತಲ್ಲ ಎಂದು ಕೇಳಿದರು.

ಶನಿವಾರ ಸಂಜೆ ಮುನಿರಾಜಣ್ಣ ಬೀಗದ ಕೈ ಕೊಟ್ಟ. “ನಾಳೆ ಬೆಳಿಗ್ಗೇನೇ ಎತ್ಕೊಂಡೋಗಿ ಕಣಮ್ಮ. ಇನ್ನೆರಡ್ ದಿನ ಬಿಟ್ರೆ ಗುಡಿ ಕಟ್ತಾರೆ. ಆಮೇಲೆ ನನ್ನ ಶೆಡ್ ಎತ್ಬೇಕಾಯ್ತದೆ.”

ಅಪ್ಪ ಕಲ್ಲಿನ ಕತೆಯನ್ನು ನನ್ನಿಂದ ಕೇಳಿ, ಬಿಲ್ಲನ್ನು ನೋಡಿ ತಲೆಯಾಡಿಸಿದರು. “ಲೆಕ್ಕ ಸರೀಗೈತೆ. ಕಲ್ಲಿನ ವಿಚಾರ ನೀನುಂಟು, ನಿಮ್ಮ ದೊಡ್ಡಮ್ಮ ಉಂಟು. ಅದಿನ್ನೂ ಗಾಡೀಲಿದ್ರೆ ಸೋಮವಾರ ರಾಯಕೋಟೆಯವ್ನು ಬತ್ತಾನೆ.”

ಭಾನುವಾರ ಕಲ್ಲು ಕೊನೆಯ ಸಲ ನನ್ನ ಜೊತೆ ಪ್ರಯಾಣ ಮಾಡಿತು. ಹೊಸ ಶಾಕಪ್ಸರುಗಳ ಮೇಲೆ ಕಾರು ತೇಲುತ್ತಿತ್ತು. ದೊಡ್ಡಮ್ಮನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದೆ. ಹೊಸೂರಿನಲ್ಲಿ ಅದು ನಾಲ್ಕು ಸಾಲಿತ್ತು. ಬೇರಿಕೆ ಮುಟ್ಟುವ ಹೊತ್ತಿಗೆ ಒಂದಕ್ಕಿಳಿದಿತ್ತು. ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಪಕ್ಕದಲ್ಲಿ ನಿಂತೆ. ಜೋಡಿಸಿದ ಆ ಒಂದು ಸಾಲೂ ಬರಲಿಲ್ಲ.

ದೊಡ್ಡಮ್ಮ ಎದ್ದು ಬಂದು ನೋಡಿದರು. ಕಲ್ಲನ್ನು ನೋಡಿದರು, ಅದರ ಮೇಲಿನ ಬಾಡಿದ ಸೇವಂತಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

“ಇದ್ಯಾಕಮ್ಮಿ ಇದ್ರಲ್ಲೈತೆ?”

“ಅವತ್ತಿಂದ ಇದ್ರಲ್ಲೇ ಇದೆ ದೊಡ್ಡಮ್ಮ. ಅಕ್ಕನ ಮನೆಗೆ ಏರಿಸೋಕಾಗ್ಲಿಲ್ಲ. ನಿಮಗೆ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ಇಡ್ಲಿ ವಿಷಯ ಎಲ್ಲಾ ಸುಳ್ಳು.”

“ಸುಧಾ ಅವಾಗ್ಲೇ ಹೇಳವ್ಳಲ್ಲ. ನೀನು ತಕೊಂಡೋದ್ ವಾರಕ್ಕೇ ಫೋನ್ ಮಾಡುದ್ಲು. ಜಾಗ ಇಲ್ಲ ದೊಡ್ಡಮ್ಮ, ತಂಗಿ ಹತ್ರಾನೇ ಐತೆ ಅಂದ್ಲು.”

ಅಕ್ಕ ಹೇಳಿದ್ದಳು. ಹೇಳಿದೆನೆಂದು ನನಗೆ ಹೇಳುವುದನ್ನು ಮಾತ್ರ ಮರೆತಿದ್ದಳು. ದೊಡ್ಡಮ್ಮ ಆ ಹನ್ನೊಂದು ತಿಂಗಳೂ ಕಲ್ಲು ನಮ್ಮ ಕೆಲಮಂಗಲದ ಹಿತ್ತಲಿನಲ್ಲಿದೆ, ನಾನು ಅದರಲ್ಲಿ ರುಬ್ಬುತ್ತಿದ್ದೇನೆ ಎಂದುಕೊಂಡಿದ್ದರು. ಪ್ರತಿ ಭಾನುವಾರ ಕೇಳುತ್ತಿದ್ದದ್ದು ನನ್ನ ಇಡ್ಲಿಯ ಬಗ್ಗೆ.

“ಬೇರಿಕೆ ಸಂತೇಲೆಲ್ಲಾ ಹೇಳ್ಬುಟ್ಟಿವ್ನಿ,” ಎಂದು ಅವರು ಜಗಲಿಯ ಮೇಲೆ ಕೂತುಬಿಟ್ಟರು. “ನಮ್ ಹುಡ್ಗಿ ಕಂಪನೀಲಿ ಅಷ್ಟ್ ದೊಡ್ಡ ಕೆಲ್ಸ ಮಾಡುದ್ರೂ ಕೈಯಲ್ಲೇ ರುಬ್ಬೋದು ಅಂತ.”

ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

“ಅಲ್ಲ ಕಣಮ್ಮಿ, ವರ್ಷ್ ಪೂರ್ತಿ ಕಲ್ಲನ್ನ ಕಂಪನಿಗೆ ಕರ್ಕೊಂಡೋಗಿ ಕರ್ಕೊಂಡ್ ಬಂದಿದ್ದೀಯ. ಅದಕ್ಕೂ ಒಂದು ಸಂಬಳ ಕೊಡ್ಸೇ. ಬ್ಯಾಡ ಅಂದಿದ್ರೆ ನಾನೇನ್ ನಿನ್ನ ಹೊಡ್ದಾಕ್ತಿದ್ನಾ?”

ಬೇಡ ಎಂಬ ಒಂದು ಮಾತಿಗೆ ತಗುಲುತ್ತಿದ್ದ ಬೆಲೆ ಎಷ್ಟೆಂದು ನಾನು ಯಾವತ್ತೂ ಅಳೆದೇ ಇರಲಿಲ್ಲ. ಬಹಳ ಹೆಚ್ಚಿರಬೇಕೆಂದು ಅಂದಾಜು ಮಾಡಿದ್ದೆ. ಹೇಳದೆ ಇದ್ದದ್ದರ ಬೆಲೆಗೆ ಮಾತ್ರ ಮುನಿರಾಜಣ್ಣನ ರಸೀದಿ ಇತ್ತು.

ಪಕ್ಕದ ಮನೆಯ ಇಬ್ಬರು ಬಂದು ಕಲ್ಲನ್ನು ಹಿತ್ತಲಿನ ಹಳೆಯ ಜಾಗಕ್ಕೆ ಇಳಿಸಿದರು. ದೊಡ್ಡಮ್ಮ ಅದರ ಬೆನ್ನಿನ ಅರಿಶಿನ ತೊಳೆದು, ಮಗುಚಿ ಹಾಕಿಸಿದರು. ಊಟವಾಯಿತು. ಹೊರಡುವಾಗ, ನೀವು ಊಹಿಸಿರುತ್ತೀರಿ, ಡಿಕ್ಕಿಯಲ್ಲಿ ಒಂದು ಚೀಲ ಅವರೆಕಾಯಿ, ಎರಡು ಸಿಹಿಗುಂಬಳ. ಒಂದೊಂದೂ ಮಗುವಿನ ತೊಟ್ಟಿಲಿನಷ್ಟಿತ್ತು.

“ಒಂದು ನಿಂಗೆ, ಒಂದು ಸುಧಾಗೆ,” ಎಂದರು ದೊಡ್ಡಮ್ಮ. ಆಮೇಲೆ ನನ್ನ ಮುಖ ನೋಡಿ, “ಬ್ಯಾಡ ಅನ್ನೋದಾದ್ರೆ ಈಗ್ಲೇ ಅನ್ನು,” ಎಂದರು.

ಕಣ್ಣಲ್ಲಿ ಕೀಟಲೆಯಿತ್ತು. ಅಷ್ಟು ನಗಿಸಿದ ಮೇಲೆ ಬೇಡ ಎನ್ನಲು ಮನಸ್ಸಾಗಲಿಲ್ಲ. ಈ ಸಲ ಸಂಕೋಚಕ್ಕಲ್ಲ, ಬೇಕೆನಿಸಿಯೇ ತೆಗೆದುಕೊಂಡೆ. ಮನೆಗೆ ಬಂದಾಗ ಅಪ್ಪ ಡಿಕ್ಕಿಯಲ್ಲಿ ಇಣುಕಿ, ಕಲ್ಲಿಲ್ಲದ್ದನ್ನು ಖಾತ್ರಿ ಮಾಡಿಕೊಂಡು, ರಾಯಕೋಟೆಗೆ ಫೋನ್ ಮಾಡಿ ಗಾಡಿ ಮಾರುವುದಿಲ್ಲವೆಂದರು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಕ್ಕನ ಪಾಲಿನ ಕುಂಬಳವನ್ನು ಎರಡು ಕೈಯಲ್ಲಿ ಎತ್ತಿ ತಂದು ಜಗಲಿಯ ಮೇಲಿಟ್ಟೆ. ಅದರ ಫೋಟೋ ತೆಗೆದು ಅವಳಿಗೆ ಕಳಿಸಿದೆ: “ದೊಡ್ಡಮ್ಮ ನಿನಗೆ ಕೊಟ್ಟಿದ್ದು.” ಎರಡೇ ನಿಮಿಷಕ್ಕೆ ಉತ್ತರ ಬಂತು: “ಅಯ್ಯೋ ಚಿನ್ನ, ನಿನ್ನ ಹತ್ತಿರ ಕಾರಿದೆಯಲ್ಲ, ಬಂದಾಗ ತಂದುಕೊಡೇ. ಅಲ್ಲೀವರೆಗೂ ಡಿಕ್ಕೀಲಿ ಇರ್ಲಿ.”

ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಉತ್ತರ ಬರೆದೆ. ಮೊದಲು ಬರೆದದ್ದು ಐದು ಸಾಲು: ಕೃಷ್ಣಗಿರಿಯ ದೂರ, ಕುಂಬಳದ ತೂಕ, ಈ ತಿಂಗಳ ನನ್ನ ಶಿಫ್ಟು, ಹಣ್ಣು ಕೆಡಲು ಹಿಡಿಯುವ ದಿನಗಳು, ಹೊಸ ಸ್ಪ್ರಿಂಗಿನ ಬಗ್ಗೆ ಮುನಿರಾಜಣ್ಣನ ಎಚ್ಚರಿಕೆ. ಐದೂ ನಿಜ. ಐದನ್ನೂ ಅಳಿಸಿದೆ. “ಆಗಲ್ಲ ಕಣೇ, ನೀನೇ ಬಾ,” ಎಂದಷ್ಟೇ ಕಳಿಸಿ, ಫೋನನ್ನು ಚೀಲದೊಳಗೆ ಹಾಕಿ, ಕೆಲಸಕ್ಕೆ ಹೊರಟೆ.